ಜಪ್ತಿ ಸೈಕಲ್ಲು

ಕಾರವಾರದಿಂದ ತಪಾಸಣೆಗೆ ಬಂದಿದ್ದ ದೊಡ್ಡ ಸಾಹೇಬ ಪೊಲೀಸರ ಸಾಲಿನ ಮುಂದೆ ನಡೆಯುತ್ತ ಬಂದವನು ಮುಕ್ತಾರ್ ಹವಾಲ್ದಾರನ ಎದುರು ನಿಂತುಬಿಟ್ಟ. ಸರಕಾರ ಕೊಟ್ಟ ಸೊಂಟಪಟ್ಟಿ ಮುಕ್ತಾರನ ಹೊಟ್ಟೆಗೆ ಸುತ್ತು ಬರುತ್ತಿರಲಿಲ್ಲ. ಕೊಕ್ಕೆಗೂ ತೂತಿಗೂ ನಡುವೆ ಉಳಿದ ಜಾಗಕ್ಕೆ ಅವನು ಸುತಳಿ ಕಟ್ಟಿಕೊಂಡಿದ್ದ. ಸಾಹೇಬ ಬೆತ್ತದ ತುದಿಯಿಂದ ಆ ಸುತಳಿಯನ್ನು ಎತ್ತಿ ಎಲ್ಲರಿಗೂ ತೋರಿಸಿದ. ಆಮೇಲೆ ಅದೇ ತುದಿಯಿಂದ ಹೊಟ್ಟೆಗೆ ತಿವಿದ.

"ಇದು ಹವಾಲ್ದಾರನೋ ಅಕ್ಕಿ ಮೂಟೆಯೋ?" ಎಂದು ಮುರುಕು ಹಿಂದೂಸ್ತಾನಿಯಲ್ಲಿ ಕೇಳಿದ. "ಮಳೆಗಾಲದ ಮೊದಲು ಮತ್ತೆ ಬರ್ತೇನೆ. ಅಷ್ಟರೊಳಗೆ ಪಟ್ಟಿ ಕೂಡಬೇಕು. ಕೂಡದಿದ್ರೆ ಪಟ್ಟಿ ಇಲ್ಲಿಟ್ಟು ಮನೆಗೆ ಹೋಗು."

ಸಾಲಿನಲ್ಲಿ ಯಾರೋ ನಕ್ಕರು. ಠಾಣೆಯ ಫೌಜದಾರ ಸಂಗಯ್ಯ ಎಲ್ಲರಿಗಿಂತ ಜೋರಾಗಿ ನಕ್ಕ.

ಮುಕ್ತಾರ್ ಶಿರಸಿಯವನು. ಅಪ್ಪ ಘಟ್ಟದ ಮೇಲೂ ಕೆಳಗೂ ಎತ್ತಿನ ಗಾಡಿ ಹೊಡೆಯುತ್ತಿದ್ದ. ಈಗ ತಮ್ಮ ಬಷೀರ್ ಶಿರಸಿ-ಯಲ್ಲಾಪುರದ ಮಧ್ಯೆ ಮೋಟಾರು ಓಡಿಸುತ್ತಿದ್ದ. ಮನೆತನದಲ್ಲಿ ಸರಕಾರಿ ಅಂಗಿ ತೊಟ್ಟವನು ಮುಕ್ತಾರ್ ಒಬ್ಬನೇ. ಹುಡುಗನಾಗಿ ಸೇರಿ, ಬಡ್ತಿ ಪಡೆದು, ಸಿದ್ದಾಪುರ ಠಾಣೆಗೆ ಹವಾಲ್ದಾರನಾಗಿ ಬಂದಿದ್ದ. ಮದುವೆಯ ಊಟಕ್ಕೆ ಯಾರು ಕರೆದರೂ ಹೋಗುತ್ತಿದ್ದ, ಕುಳಿತಲ್ಲೇ ನಿದ್ದೆ ಹೊಡೆಯುತ್ತಿದ್ದ. ಹೊಟ್ಟೆ ಬೆಳೆದದ್ದು ಅವನ ಲಕ್ಷ್ಯಕ್ಕೇ ಬಂದಿರಲಿಲ್ಲ. ಬಂದಾಗ ಇಡೀ ಠಾಣೆಯೆದುರು ಬೆತ್ತದ ತುದಿಯಲ್ಲಿ ಬಂತು.

ಆ ರಾತ್ರಿ ಅವನು ಉಣ್ಣಲಿಲ್ಲ. ಹೆಂಡತಿ ಸಕೀನಾ ತಟ್ಟೆ ಮುಂದಿಟ್ಟು ಕಾದಳು.

"ತಿವಿದದ್ದು ಅವನು. ಅನ್ನದ ಮೇಲೆ ಯಾಕೆ ಸಿಟ್ಟು?" ಎಂದಳು.

"ಅವನ ಮೇಲೆ ಸಿಟ್ಟು ಮಾಡಿದ್ರೆ ನಾಳೆ ಈ ಅನ್ನಾನೂ ಇರೋದಿಲ್ಲ," ಎಂದ ಮುಕ್ತಾರ್.

ಮರುದಿನ ಸರಕಾರಿ ದವಾಖಾನೆಗೆ ಹೋದ. ಡಾಕ್ಟರು ವಿಘ್ನೇಶ್ವರ ಭಟ್ಟರು ಅವನ ಊದಿದ ಮೊಣಕಾಲನ್ನು ಒತ್ತಿ ನೋಡಿ, ಓಡುವುದು ನಿಮ್ಮಿಂದ ಆಗುವ ಮಾತಲ್ಲ, ಓಡಿದರೆ ಈ ಕಾಲೂ ಹೋಗುತ್ತದೆ ಎಂದರು. "ಸೈಕಲ್ ಹೊಡೀರಿ. ಮೈ ಭಾರ ಕಾಲಿನ ಮೇಲೆ ಬೀಳೂದಿಲ್ಲೆ. ಬೆವರು ಮಾತ್ರ ಸರಿ ಬರ್ತು. ಅನ್ನ ಅರ್ಧ ಮಾಡಿ."

ಸೈಕಲ್ಲು ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ. ಸಿದ್ದಾಪುರ ತಾಲೂಕಿನ ರೈತರು ಸರಕಾರಕ್ಕೆ ಕಂದಾಯ ಕೊಡುವುದಿಲ್ಲವೆಂದು ಹಟ ಹಿಡಿದ ವರ್ಷ ಅದು, ಮೂವತ್ತೆರಡನೆಯ ಇಸವಿ. ಕೊಡದವರ ಮನೆಯ ಸಾಮಾನುಗಳನ್ನು ಪೊಲೀಸರು ಜಪ್ತಿ ಮಾಡಿ ತಂದು ಕಚೇರಿಯ ಹಿಂದಿನ ಅಂಗಳದಲ್ಲಿ ಒಟ್ಟುತ್ತಿದ್ದರು. ಹಂಡೆ, ಕೊಡ, ನೇಗಿಲು, ಮಂಚ, ಕಿತ್ತು ತಂದ ಬಾಗಿಲುಗಳು. ಲಿಲಾವು ಕೂಗಿದರೆ ಇಡೀ ತಾಲೂಕಿನಲ್ಲಿ ಕೊಳ್ಳಲು ಒಬ್ಬನೂ ಬರುತ್ತಿರಲಿಲ್ಲ. ಆ ರಾಶಿಯ ಬದಿಗೆ ಒಂದು ಸೈಕಲ್ಲು ಒರಗಿತ್ತು.

"ತಗೋ, ಯಾರು ಕೇಳ್ತಾರ?" ಎಂದ ಫೌಜದಾರ ಸಂಗಯ್ಯ. ಅವನು ಹಾವೇರಿ ಕಡೆಯವನು. "ಹೆಂಗೂ ತುಕ್ಕು ಹಿಡಿಯೂದೈತಿ. ನೀ ಕರಗು, ಅದು ಓಡಲಿ."

ಹ್ಯಾಂಡಲಿಗೆ ಒಂದು ಚೀಟಿ ಕಟ್ಟಿತ್ತು: ಕೆರಿಯಪ್ಪ ಚೌಡ ನಾಯ್ಕ, ತ್ಯಾಗಲಿ. ಮುಕ್ತಾರ್ ಅದನ್ನು ಓದಿದ, ಹರಿದು ಎಸೆದ.

ಮೊದಲ ದಿನಗಳು ಬಿದ್ದೇ ಕಳೆದವು. ನಸುಕಿಗೇ ಎದ್ದು ಜನವಿಲ್ಲದ ರಸ್ತೆಗೆ ಹೋಗುತ್ತಿದ್ದ. ಏರಿಯಲ್ಲಿ ಉಸಿರು ಸಿಕ್ಕಿಕೊಳ್ಳುತ್ತಿತ್ತು, ಇಳುಕಿನಲ್ಲಿ ಸೈಕಲ್ಲು ಅವನನ್ನು ಗಟಾರಕ್ಕೆ ಕೊಂಡೊಯ್ಯುತ್ತಿತ್ತು. ಮೊಣಕೈ ತರಚಿತು, ಗಡ್ಡದಲ್ಲಿ ಕೆಂಪು ಮಣ್ಣು ಮೆತ್ತಿಕೊಂಡಿತು. ಬಿದ್ದಾಗಲೆಲ್ಲ ಸಾಹೇಬನ ಬೆತ್ತ ನೆನಪಾಗುತ್ತಿತ್ತು, ಸಂಗಯ್ಯನ ನಗು ಕೇಳಿಸುತ್ತಿತ್ತು. ಹಲ್ಲು ಕಚ್ಚಿ ಮತ್ತೆ ಹತ್ತುತ್ತಿದ್ದ. ಅವನು ಪೆಡಲು ತುಳಿದದ್ದು ಕಾಲಿನ ಬಲದಿಂದಲ್ಲ, ಸಿಟ್ಟಿನ ಬಲದಿಂದ.

ವಾರಗಳು ಕಳೆದಂತೆ ರಸ್ತೆ ಉದ್ದವಾಯಿತು. ನಿನ್ನೆ ತಳ್ಳಿಕೊಂಡು ಹತ್ತಿದ ಏರಿಯನ್ನು ಇವತ್ತು ಕುಳಿತೇ ಹತ್ತಿದ. ಅಂಗಿ ಸಡಿಲಾಯಿತು. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುವುದನ್ನು ಬಿಟ್ಟ. ಸಕೀನಾ ಅವನ ಅಂಗಿಯ ಬದಿ ಹಿಡಿದು ಹೊಲಿಯುತ್ತ, "ಮದುವೆ ಆದಾಗ ಹೀಗಿದ್ರಿ," ಎಂದು ನಕ್ಕಳು. ಬೆಳಗಿನ ತಂಪಿನಲ್ಲಿ ಇಳುಕಿನಲ್ಲಿ ಕೈಬಿಟ್ಟಂತೆ ಹೋಗುವಾಗ ಅವನಿಗೆ ಖುಷಿಯಾಗುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಹಾಗೆ ದೂರ ಹೋಗುತ್ತ ಹೋಗುತ್ತ ಒಂದು ಬೆಳಿಗ್ಗೆ ತ್ಯಾಗಲಿಯ ಹತ್ತಿರ ಬಂದ.

ಸೊಪ್ಪಿನ ಹೊರೆ ಹೊತ್ತು ರಸ್ತೆ ದಾಟುತ್ತಿದ್ದ ಹೆಂಗಸೊಬ್ಬಳು ನಿಂತು ನೋಡಿದಳು. ಹೊರೆಯನ್ನು ಅಲ್ಲೇ ಇಳಿಸಿ ರಸ್ತೆಯ ನಡುವೆ ಬಂದಳು. ಮುಕ್ತಾರ್ ಗಂಟೆ ಬಾರಿಸಿದ. ಅವಳು ಸರಿಯಲಿಲ್ಲ. ಅವನು ಕಾಲೂರಿ ನಿಲ್ಲಿಸಬೇಕಾಯಿತು.

"ಇಳಿ," ಎಂದಳು.

ಖಾಕಿ ಅಂಗಿ ತೊಟ್ಟ ಮೇಲೆ ಹಳ್ಳಿಯವರು ಯಾರೂ ಅವನನ್ನು ಏಕವಚನದಲ್ಲಿ ಮಾತಾಡಿಸಿರಲಿಲ್ಲ.

"ಏನಂದೆ?"

"ಇಳಿ ಅಂದೆ. ಇದು ನನ್ನ ಗಂಡಂದು. ಈ ಕ್ಯಾರಿಯರಿನ ಮೇಲೆ ಅವ್ರು ಎಲೆಕಟ್ಟು ಹಾಕ್ಕಂಡು ಸಿದ್ದಾಪುರದ ಸಂತೆಗೆ ಹೋತಿದ್ರು. ಅದರ ಮೇಲೆ ನೀ ಎಂತಕ್ಕೆ ಕೂತಿದೀಯ?"

ಅವಳು ಕೆರಿಯಪ್ಪನ ಹೆಂಡತಿ ದುರ್ಗಿ. ಮುಕ್ತಾರನಿಗೆ ಹರಿದೆಸೆದ ಚೀಟಿ ನೆನಪಾಯಿತು.

"ಸರಕಾರದ ವಸ್ತು ಇದು. ದಾರಿ ಬಿಡು."

"ಸರಕಾರ ಸಂತೆಗೆ ಹೋತದಾ?" ಅವಳು ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದಳು. "ಸಿದ್ದಾಪುರದಿಂದ ಬಂದವರು ಹೇಳ್ತಿದ್ರು, ಹವಾಲ್ದಾರ ಹೊಟ್ಟೆ ಕರಗಸ್ಲಿಕ್ಕೆ ಸೈಕಲ್ ಹೊಡೀತಾನೆ ಅಂತ. ನಾ ನಂಬಲಿಲ್ಲ. ನನ್ನ ಗಂಡ ಹಿಂಡಲಗಿ ಜೈಲಲ್ಲಿ ಅವ್ರೆ. ಹೋದ ತಿಂಗಳು ನೋಡಾಕೆ ಹೋಗಿದ್ದೆ. ಎದೆ ಎಲುಬು ಎಣಿಸ್ಬೋದು. ಅವ್ರು ಗಂಜಿನೀರು ಕುಡಿದು ಕರಗ್ತಾ ಅವ್ರೆ, ನೀನು ಅವರ ಸೈಕಲ್ ಮೇಲೆ ಕೂತು ಕರಗ್ತಾ ಇದೀಯ. ನಿಂಗೆ ಊಟ ಹೆಚ್ಚಾತು ಅಂದ್ರೆ ನಾವು ಎಂತ ಮಾಡ್ಬೇಕು?"

"ಬಾಯಿ ಮುಚ್ಚು. ಒಳಗೆ ಹಾಕಿಸ್ತೇನೆ."

"ಹಾಕ್ಸು. ಮನೇಲಿ ಬಾಗಿಲೂ ಇಲ್ಲ, ಹಾಕ್ಕಂಡು ಬರೋ ಕೆಲಸಾನೂ ಇಲ್ಲ."

ಗದ್ದೆಯಲ್ಲಿ ಕೆಲಸ ಮಾಡುತ್ತಿದ್ದವರು ಎದ್ದು ನಿಂತು ನೋಡತೊಡಗಿದರು. ಯಾರೂ ಹತ್ತಿರ ಬರಲಿಲ್ಲ, ಯಾರೂ ಹೋಗಲೂ ಇಲ್ಲ. ಮುಕ್ತಾರ್ ಅವಳ ಬೆರಳುಗಳನ್ನು ಒಂದೊಂದಾಗಿ ಹ್ಯಾಂಡಲಿನಿಂದ ಬಿಡಿಸಿದ. ಕೊನೆಗೆ ಅವಳ ಕೈಯನ್ನು ಜೋರಾಗಿ ತಳ್ಳಿದ. ಅವಳು ಕಲ್ಲಿನ ಮೇಲೆ ಕೈಯೂರಿ ಬಿದ್ದಳು. ಅವನು ಸೈಕಲ್ ತಿರುಗಿಸಿ ಹೊರಟ. ಹಿಂದಿನಿಂದ ಅವಳು ಅಳುವ ದನಿ ಕೇಳಬಹುದೆಂದುಕೊಂಡಿದ್ದ. ಏನೂ ಕೇಳಿಸಲಿಲ್ಲ.

ಮನೆಗೆ ಬಂದವನು ಸಕೀನಾಳ ಮೇಲೆ ರೇಗಿದ. ನೀರು ಬಿಸಿಯಿಲ್ಲವೆಂದು ಚೊಂಬು ಎಸೆದ. ಅವಳು ಚೊಂಬನ್ನು ಎತ್ತಿಟ್ಟು, "ಏನಾಯ್ತು ಹೇಳಿ, ಆಮೇಲೆ ಎಸೀರಿ," ಎಂದಳು. ಅವನು ಹೇಳಿದ. ಅವಳು ಬೆನ್ನು ತಿರುಗಿಸಿ ಒಳಗೆ ಹೋದಳು.

ಅಲ್ಲಿಂದ ಮುಂದೆ ಅವನು ತ್ಯಾಗಲಿಯ ಕಡೆ ಹೋಗಲಿಲ್ಲ. ಬೇರೆ ರಸ್ತೆ ಹಿಡಿದ. ಆದರೆ ಪೆಡಲು ಮೊದಲಿನಂತೆ ಹಗುರವಾಗಲಿಲ್ಲ. ಆ ಹೆಂಗಸು ಎಂಥ ಮಾತಾಡಿದಳು, ನಾನೇನು ಅವಳ ಮನೆಗೆ ಹೋಗಿ ಕಿತ್ತುಕೊಂಡು ಬಂದೆನೇ, ಬೇರೆಯವರು ತಂದದ್ದು, ಫೌಜದಾರ ಕೊಟ್ಟದ್ದು ಎಂದು ರಸ್ತೆಯುದ್ದಕ್ಕೂ ಅವಳೊಡನೆ ಜಗಳವಾಡುತ್ತಿದ್ದ. ಎಷ್ಟು ಆಡಿದರೂ ಗೆಲ್ಲುತ್ತಿರಲಿಲ್ಲ.

ಮಳೆಗಾಲದ ಮೊದಲು ಸಾಹೇಬ ಬಂದ. ಮುಕ್ತಾರನ ಸೊಂಟಪಟ್ಟಿ ಸುತಳಿಯಿಲ್ಲದೆ ಕೂಡಿತ್ತು, ಇನ್ನೂ ತೂತುಗಳು ಉಳಿದಿದ್ದವು. ಸಾಹೇಬ ಸುತ್ತ ತಿರುಗಿ ನೋಡಿದ. ಬೆತ್ತದಿಂದ ಹೊಟ್ಟೆಗೆ ಮತ್ತೆ ತಿವಿದ.

"ಶಾಬಾಸ್. ಮೂಟೆ ಹೋಗಿ ಕುದುರೆ ಆಯ್ತು. ಹೇಗೆ ಮಾಡಿದೆ?"

ಸಂಗಯ್ಯ ಮುಂದೆ ಬಂದು ಜಪ್ತಿ ಸೈಕಲ್ಲಿನ ಕಥೆ ಹೇಳಿದ. ಸಾಹೇಬ ಹೊಟ್ಟೆ ಹಿಡಿದುಕೊಂಡು ನಕ್ಕ. ಕಂದಾಯ ಕೊಡದ ರೈತ ಸರಕಾರದ ಹವಾಲ್ದಾರನನ್ನು ಗಟ್ಟಿ ಮಾಡಿಕೊಟ್ಟನಲ್ಲ ಎಂದ. "ಹಾಗಾದ್ರೆ ಅದೇ ಸೈಕಲ್ ಮೇಲೆ ತ್ಯಾಗಲಿಗೆ ಹೋಗು. ಇನ್ನೂ ದನಕರು ಉಳಿದಿವೆಯಂತೆ. ಅವನ್ನೂ ತಗೊಂಡು ಬಾ. ಆ ಸೈಕಲ್ ನೋಡಿ ಬುದ್ಧಿ ಬರಲಿ ಅವರಿಗೆ."

ಎಲ್ಲರೂ ಮತ್ತೆ ನಕ್ಕರು. ಮುಕ್ತಾರ್ ಅಟೆನ್ಶನ್ನಿನಲ್ಲೇ ನಿಂತಿದ್ದ. ಅವಮಾನ ಮಾಡುವಾಗ ತಿವಿದಷ್ಟೇ ಜೋರಾಗಿ ಹೊಗಳುವಾಗಲೂ ತಿವಿದಿದ್ದ ಸಾಹೇಬ. ಅವನಿಗೆ ಹೊಟ್ಟೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಮರುದಿನ ಮುಕ್ತಾರ್ ಅಂಗಿ ತೊಟ್ಟು, ಯಾರಿಗೂ ಹೇಳದೆ ಒಬ್ಬನೇ ತ್ಯಾಗಲಿಗೆ ಹೋದ. ಊರ ಗಡಿಯಲ್ಲಿ ಇಳಿದು ಸೈಕಲ್ ತಳ್ಳಿಕೊಂಡು ನಡೆದ. ಊರಿನವರು ಪೊಲೀಸರಿಗೆ ನೀರೂ ಕೊಡುವುದಿಲ್ಲವೆಂದು ಶಪಥ ಮಾಡಿದ್ದರು. ಅವನು ಮುಂದೆ ಹೋದಂತೆ ಮನೆಗಳ ಬಾಗಿಲು ಮುಚ್ಚಿದವು. ಕೆರಿಯಪ್ಪನ ಮನೆಯನ್ನು ಕೇಳಿ ತಿಳಿಯಬೇಕಾಗಿರಲಿಲ್ಲ. ಬಾಗಿಲಿಲ್ಲದ ಚೌಕಟ್ಟಿಗೆ ಚಾಪೆ ಇಳಿಬಿಟ್ಟ ಮನೆ ಅದೊಂದೇ.

ದುರ್ಗಿ ಅಂಗಳದಲ್ಲಿ ಭತ್ತ ಕುಟ್ಟುತ್ತಿದ್ದಳು. ಒಂದೇ ಕೈಯಲ್ಲಿ. ಇನ್ನೊಂದರ ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು. ಮುಕ್ತಾರ್ ಸೈಕಲ್ಲನ್ನು ಅವಳ ಮುಂದೆ ನಿಲ್ಲಿಸಿದ.

"ನಿಂದು ನೀನು ತಗೋ. ಕೇಳಿದ್ರೆ ಕಳವಾಯ್ತು ಅಂತೇನೆ."

ಅವಳು ಒನಕೆ ಬಿಡಲಿಲ್ಲ. "ಹೊಟ್ಟೆ ಹೋತು ಅಂತ ಕಾಣ್ತದೆ. ಈಗ ಬ್ಯಾಡಾತಾ ಇದು?"

"ನೋಡು, ನೌಕರಿ ಪಣಕ್ಕಿಟ್ಟು ತಂದಿದೇನೆ."

"ನಾ ತರ್ಲಿಕ್ಕೆ ಹೇಳಿದ್ನಾ? ಅವತ್ತು ಇಳಿ ಅಂದೆ, ಕೊಡು ಅಂದ್ನಾ?" ಒನಕೆ ನಿಂತಿತು. "ನೀ ಕದ್ದು ತಂದು ಕೊಡ್ತೀಯ, ನಾ ಕದ್ದು ಒಳಗಿಟ್ಕಳ್ಬೇಕು. ನಾಳೆ ಊರೋರು ಕೇಳ್ತಾರೆ, ಕೆರಿಯಪ್ಪನ ಹೆಂಡ್ತಿ ಪೊಲೀಸರ ಹತ್ರ ಎಂತ ರಾಜಿ ಮಾಡ್ಕಂಡ್ಳು ಅಂತ. ಜೈಲಲ್ಲಿ ಕೂತ ಮನುಷ್ಯಂಗೆ ನಾ ಎಂತ ಹೇಳ್ಲಿ? ಹಗಲಲ್ಲಿ ಹತ್ತು ಜನರ ಎದುರು ತಗಂಡ್ ಹೋಗೀರಿ. ಬಾಗಿಲು, ಹಂಡೆ, ಎತ್ತು, ಎಲ್ಲ. ಹಂಗೇ ಹತ್ತು ಜನರ ಎದುರು ತಂದು ಇಡ್ರಿ. ಅದ್ರ ಸಂಗ್ತಿ ಸೈಕಲ್ಲೂ ಬರ್ಲಿ."

ಮುಕ್ತಾರನ ಮೈಯುರಿಯಿತು. ಇಷ್ಟು ದೂರ ತಂದು ಕೊಟ್ಟರೂ ಬೈಗುಳ. "ಸೊಕ್ಕು ನಿಮಗೆ," ಎಂದ. "ಒಳ್ಳೇದು ಮಾಡಿದ್ರೂ ಸೊಕ್ಕು."

"ಸಿಟ್ಟು ಬಂತಾ? ಬರ್ಲಿ," ಎಂದಳು ದುರ್ಗಿ. "ನಂಗೂ ಬಂದದೆ. ನನ್ನ ಸಿಟ್ಟು ಯಾರ ಮೇಲೆ ಅಂತ ನಂಗೆ ಗೊತ್ತು. ನಿಂದು ಯಾರ ಮೇಲೆ ಅಂತ ಹೋತ ದಾರೀಲಿ ಯೋಚ್ನೆ ಮಾಡು."

ಅವಳು ಮತ್ತೆ ಕುಟ್ಟತೊಡಗಿದಳು.

ಮುಕ್ತಾರ್ ಸೈಕಲ್ ಹತ್ತಲಿಲ್ಲ. ಸಿದ್ದಾಪುರದವರೆಗೂ ತಳ್ಳಿಕೊಂಡೇ ಬಂದ. ಬಿಸಿಲು ನೆತ್ತಿಗೇರಿತು, ಮೊಣಕಾಲು ಊದಿತು. ಮೊದಮೊದಲು ದುರ್ಗಿಯನ್ನು ಬೈದುಕೊಂಡ, ಸ್ವಲ್ಪ ದೂರ ಸಂಗಯ್ಯನನ್ನು, ಆಮೇಲೆ ಸಾಹೇಬನನ್ನು. ಕೊನೆಯ ಏರಿಯಲ್ಲಿ ಬೈಯಲು ತನ್ನನ್ನು ಬಿಟ್ಟು ಬೇರೆ ಯಾರೂ ಉಳಿದಿರಲಿಲ್ಲ. ಕಚೇರಿಯ ಹಿಂದಿನ ಅಂಗಳಕ್ಕೆ ಹೋಗಿ ಸೈಕಲ್ಲನ್ನು ಮಂಚಗಳ ಪಕ್ಕ ಒರಗಿಸಿದ. ಒಂದು ಚೀಟಿಯ ಮೇಲೆ ಕೆರಿಯಪ್ಪನ ಹೆಸರು ಬರೆದು ಹ್ಯಾಂಡಲಿಗೆ ಕಟ್ಟಿದ. ನೇರ ಫೌಜದಾರನ ಕೋಣೆಗೆ ಹೋದ.

"ತ್ಯಾಗಲಿ ಜಪ್ತಿಗೆ ಬೇರೆಯವರನ್ನ ಕಳಿಸ್ರಿ. ನಾನು ಹೋಗೋದಿಲ್ಲ."

ಸಂಗಯ್ಯ ಕಡತದಿಂದ ತಲೆಯೆತ್ತಿದ. "ಯಾಕ? ಮೈಯಾಗ ಆರಾಮಿಲ್ಲೇನು?"

"ಆರಾಮಿದೆ. ಇಷ್ಟು ಆರಾಮ ಯಾವತ್ತೂ ಇರಲಿಲ್ಲ. ಹೋಗೋದಿಲ್ಲ, ಅಷ್ಟೇ."

"ಸಾಹೇಬರ ಹುಕುಂ ಅದು. ತಿಳೀತೈತಿಲ್ಲೋ?"

"ತಿಳಿದೇ ಹೇಳ್ತಿದೇನೆ." ಮುಕ್ತಾರನ ದನಿ ಏರಿತು. ಹೆದರಿಕೆಯೂ ಇತ್ತು, ಆದರೆ ಹೆಚ್ಚಿನದು ಹೆದರಿಕೆಯಲ್ಲ. "ಅವತ್ತು ಅವರು ನನ್ನ ತಿವಿದಾಗ ನೀವು ನಕ್ಕಿರಿ. ನಾನು ಸುಮ್ಮನೆ ನಿಂತೆ. ಆ ಸಿಟ್ಟನ್ನೆಲ್ಲ ತಗೊಂಡು ಹೋಗಿ ಒಬ್ಬ ಹೆಂಗಸಿನ ಕೈ ಮುರಿದು ಬಂದೆ. ಇನ್ನು ಆಗೋದಿಲ್ಲ."

ಸಂಗಯ್ಯ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಹುಚ್ಚಪ್ಪಾ, ಹೊರಗ ಯಾರರೆ ಕೇಳಿದ್ರ ನಿನ್ನೂ ಹಿಂಡಲಗಿಗೆ ಕಳಿಸ್ತಾರ. ಜ್ವರ ಅಂತ ಬರಕೊಡು. ನಾ ಸುಧಾರಿಸ್ತೇನಿ."

"ಜ್ವರ ಇಲ್ಲ," ಎಂದ ಮುಕ್ತಾರ್.

ಹವಾಲ್ದಾರಿಕೆ ಹೋಯಿತು. ತೋಳಿನ ಪಟ್ಟೆಗಳನ್ನು ಬಿಚ್ಚಿಸಿ, ಬರಿಯ ಸಿಪಾಯಿ ಮಾಡಿ ಯಲ್ಲಾಪುರಕ್ಕೆ ಹಾಕಿದರು. ಅಷ್ಟಕ್ಕೇ ಮುಗಿದದ್ದು ಸಂಗಯ್ಯ ಮೇಲಿನವರಿಗೆ ಪೂರ್ತಿ ಮಾತು ತಿಳಿಸದೆ ಇದ್ದದ್ದರಿಂದ. ತ್ಯಾಗಲಿಗೆ ಬೇರೆ ಪೊಲೀಸರು ಹೋದರು. ದನಗಳು ಸಿಕ್ಕಲಿಲ್ಲ, ಊರಿನವರು ಮೊದಲೇ ಅವನ್ನು ಗಡಿಯಾಚೆಯ ಸಂಸ್ಥಾನಕ್ಕೆ ದಾಟಿಸಿದ್ದರು.

ಶಿರಸಿಯಿಂದ ಮುಂದೆ ಮುಕ್ತಾರನೂ ಸಕೀನಾಳೂ ಬಷೀರನ ಮೋಟಾರಿನಲ್ಲಿ ಹೋದರು. ಪಾತ್ರೆಪರಡಿಗಳ ಗಂಟು ಕಾಲಬುಡದಲ್ಲಿತ್ತು. ಸಿದ್ದಾಪುರ ಬಿಟ್ಟಾಗಿನಿಂದ ಸಕೀನಾ ಮುಖ ಬಿಗಿದುಕೊಂಡೇ ಇದ್ದಳು. ಭೈರುಂಬೆಯ ತಿರುವು ದಾಟಿದ ಮೇಲೆ ಅವಳು ಗಂಡನ ಕಡೆ ನೋಡದೆಯೇ ಕೇಳಿದಳು.

"ಆ ಹೆಂಗಸಿನ ಕೈ ಹೇಗಿದೆ ಈಗ?"

"ಡಾಕ್ಟರು ಭಟ್ಟರಿಗೆ ಹೇಳಿ ಬಂದಿದ್ದೆ. ಮನೆಗೇ ಹೋಗಿ ಕಟ್ಟಿ ಬಂದ್ರಂತೆ. ಕೂಡ್ತದೆ ಅಂದ್ರು."

"ನಿಮಗೆ ಒಂದು ಒಳ್ಳೇ ಮಾತಾದ್ರೂ ಹೇಳಿದ್ಲಾ ಅವಳು?"

"ಇಲ್ಲ."

"ಸರಿ ಮಾಡಿದ್ಲು," ಎಂದಳು ಸಕೀನಾ. ಅವಳ ಮುಖದ ಬಿಗಿ ಇನ್ನೂ ಸಡಿಲಾಗಿರಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕಿಟಕಿಯ ಹೊರಗೆ ನೋಡುತ್ತ ಕುಳಿತಳು.