ರೋಸ್ವಿತಾಳ ಬಾಯಲ್ಲಿ ಗೆರೋಲ್ಡನ ಮಾತು

ಆಫೀಸಿಗೆ ಬಂದು ಕೋಟು ಕಳಚುವ ಮೊದಲೇ ರೋಸ್ವಿತಾ ಕಂಪ್ಯೂಟರ್ ತೆರೆದಳು. ಕಂಪನಿಯ ತುರ್ತು ಪ್ರಕಟಣೆ ನಿನ್ನೆ ಸಂಜೆಯೇ ಶೇರುಪೇಟೆಗೆ ಹೋಗಿತ್ತು. ಜರ್ಮನ್ ಪ್ರತಿ ಸರಿಯಾಗೇ ಇತ್ತು: ಈ ವರ್ಷದ ಲಾಭ ಗಣನೀಯವಾಗಿ ಕುಸಿಯಲಿದೆ. ಇಂಗ್ಲಿಷ್ ಪ್ರತಿಯಲ್ಲಿ ಲಾಭದ ಸುದ್ದಿಯೇ ಇಲ್ಲ, ಕುಸಿತದ ಮಾತೂ ಇಲ್ಲ. ‘ನಮ್ಮ ಬೆಳವಣಿಗೆ ಹೊಸ ವೇಗಕ್ಕೆ ಹೊಂದಿಕೊಳ್ಳಲಿದೆ’ ಅಂತೆ! ಅವಳು ಬರೆದದ್ದು ಇದಲ್ಲ, ಖಂಡಿತ ಅಲ್ಲ. ಆದರೆ ಪಂಪು ತಯಾರಿಸುವ ಆ ಕಂಪನಿಯ ಇಂಗ್ಲಿಷ್ ಎಂದರೆ ರೋಸ್ವಿತಾ ಎಂದು ಫ್ರಾಂಕ್‌ಫರ್ಟಿನ ಪೇಟೆಗೆಲ್ಲ ಗೊತ್ತು. ಶೇರುಪೇಟೆಯ ಅನುವಾದದಲ್ಲಿ ಒಮ್ಮೆ ಸುಳ್ಳಿ ಅನ್ನಿಸಿಕೊಂಡರೆ ಮುಗಿಯಿತು, ಆಮೇಲೆ ಯಾರೂ ಒಂದು ಸಾಲೂ ನಂಬಿ ಕೊಡುವುದಿಲ್ಲ.

ಬದಲಾಯಿಸಬಹುದಾದವನು ಒಬ್ಬನೇ, ಗೆರೋಲ್ಡ್. ಅವರ ಕೆಲಸದ ಪದ್ಧತಿಯೇ ಹಾಗಿತ್ತು. ಒಬ್ಬರು ಅನುವಾದ ಮಾಡಬೇಕು. ಆಮೇಲೆ ಇಬ್ಬರೂ ಎದುರುಬದುರು ಕೂತು, ಒಬ್ಬರು ಜರ್ಮನ್ ಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಇಂಗ್ಲಿಷ್ ಸಾಲಿನ ಮೇಲೆ ಬೆರಳಿಟ್ಟು ಹೋಲಿಸಬೇಕು. ಅನುವಾದ ಮಾಡಿದವರು ತಾವೇ ಪೇಟೆಗೆ ಕಳಿಸುವಂತಿಲ್ಲ. ಕಳಿಸುವುದು ಎರಡನೆಯವರು. ನಿನ್ನೆಯೂ ಗೆರೋಲ್ಡ್ ಓದಿದ್ದ, ಎರಡೂ ತಾಳೆಯಾಗಿದ್ದವು, “ಸರಿ, ನೀನು ಹೊರಡು, ನಾನು ಕಳಿಸ್ತೀನಿ” ಎಂದಿದ್ದ. ಇವಳೂ ಹೊರಟಿದ್ದಳು. ಇಷ್ಟು ವರ್ಷ ಹಾಗೇ ತಾನೇ ನಡೆದದ್ದು?

ಕಾಫಿ ಯಂತ್ರದ ಮುಂದೆ ಅವನು ಸಿಕ್ಕಿದ.

“ಏನೋ ಗೆರೋಲ್ಡ್, ಇದೇನೋ ಇದು? ನಾನು ಬರೆದಿದ್ದು ಇದಾ?”

“ಮೆಲ್ಲಗೆ ಮಾತಾಡೇ ಮಾರಾಯ್ತಿ.” ಅವನು ಆಚೀಚೆ ನೋಡಿದ. “ನೀನು ಹೋದ್ಮೇಲೆ ಮೇಲಿನಿಂದ ಫೋನ್ ಬಂತು. ಲಂಡನ್ನಿನ ಹೂಡಿಕೆದಾರರು ಗಾಬರಿ ಬೀಳ್ತಾರೆ, ಇಂಗ್ಲಿಷನ್ನ ಸ್ವಲ್ಪ ಮೆತ್ತಗೆ ಮಾಡಿ ಅಂದ್ರು. ಮಾಡಿದೆ.”

“ನನಗೊಂದು ಮಾತು ಹೇಳೋಕೇನಾಗಿತ್ತು ನಿನಗೆ?”

“ಹೇಳಿದ್ರೆ ಒಪ್ತಿದ್ದೆಯಾ ನೀನು? ಕತ್ತಿ ಹಿಡ್ಕೊಂಡು ಬರ್ತಿದ್ದೆ! ಹೋಗ್ಲಿ ಬಿಡು. ಈಗ ಲಂಡನ್ನಿನವರ ಜೊತೆ ಫೋನಲ್ಲಿ ಮಾತುಕತೆ ಇದೆ. ಬದಲಾಯಿಸಿದ್ದು ನಾನೇ ಅಂತ ನಾನೇ ಹೇಳ್ತೀನಿ. ನಿನ್ನ ಹೆಸರಿಗೆ ಮಸಿ ಹತ್ತೋಕೆ ಬಿಡ್ತೀನಾ?”

ಅವಳು ನಂಬಿದಳು. ಯಾಕೆ ನಂಬಬಾರದು ಹೇಳಿ? ಈ ವಿದ್ಯೆ ಕಲಿಸಿದವನೇ ಅವನು. ಜರ್ಮನ್ ಕಂಪನಿಗೆ ಎರಡೆರಡು ಮಂಡಳಿ, ನಡೆಸೋಕೆ ಒಂದು, ಅದರ ಮೇಲೆ ಕಣ್ಣಿಡೋಕೆ ಇನ್ನೊಂದು; ಇಂಗ್ಲಿಷರಿಗೆ ಒಂದೇ. ಆ ಎರಡನೆಯದನ್ನು ಅವರಿಗೆ ಏನೆಂದು ಹೇಳುವುದು ಎಂದು ಪ್ರತಿ ಗುರುವಾರದ ಊಟದಲ್ಲಿ ಫ್ರಾಂಕ್‌ಫರ್ಟಿನ ಹಸಿರು ಸಾಸು, ಬೇಯಿಸಿದ ಮೊಟ್ಟೆಯ ಮುಂದೆ ಇಬ್ಬರೂ ಜಗಳವಾಡಿದ್ದರು. ಸೇಬಿನ ವೈನು ಮುಗಿದರೂ ಜಗಳ ಮುಗಿದಿರಲಿಲ್ಲ. “ಪೇಟೆಯ ಮಾತಿಗೆ ಸಕ್ಕರೆ ಬೆರೆಸಬೇಡ ಕಣೇ, ಕಹಿ ಇದ್ರೆ ಕಹಿಯಾಗೇ ದಾಟಿಸು” ಎಂದು ಮೇಜು ಗುದ್ದಿ ಹೇಳಿಕೊಟ್ಟವನು ಅವನೇ.

ಸಭೆಯ ಕೋಣೆಯಲ್ಲಿ ಕಂಪನಿಯ ವಕೀಲ ಬಾಲ್ಸರ್ ತಲೆ ಚಚ್ಚಿಕೊಳ್ಳುತ್ತಿದ್ದ. ಬರಬೇಕಾದ ದುಭಾಷಿಯ ರೈಲು ಕಾಸೆಲ್‌ನಲ್ಲೇ ರದ್ದಾಗಿತ್ತು.

“ನಮ್ಮವರು ಏನೇ ಹೇಳಿದ್ರೂ ಜರ್ಮನ್ನಲ್ಲೇ ಹೇಳ್ಬೇಕು, ದಾಖಲೆಗೆ ಅದೇ ಬೇಕು. ಶ್ರೀಮತಿ ವೈಗಾಂಡ್, ದುಭಾಷಿ ಜಾಗದಲ್ಲಿ ನೀವೇ ಕೂತ್ಕೊಂಡುಬಿಡಿ. ಹೇಗಿದ್ರೂ ನಿಮಗಿಂತ ಒಳ್ಳೆಯವರು ಯಾರಿದ್ದಾರೆ?”

ಶ್ರೀಮತಿ ವೈಗಾಂಡ್ ಎಂದರೆ ರೋಸ್ವಿತಾಳೇ. ಅವಳು ಫೋನಿನ ಪಕ್ಕ ಕೂತಳು. ಗೆರೋಲ್ಡ್ ತಪ್ಪೊಪ್ಪಿಕೊಳ್ಳುವುದನ್ನು ತಾನೇ ಇಂಗ್ಲಿಷಿಗೆ ತರಬೇಕಲ್ಲ, ಪಾಪ, ಎಂದು ಒಳಗೊಳಗೇ ಮರುಗಿದಳು.

ಆ ಕಡೆ ಲಂಡನ್ನಿನಿಂದ ಮಿಸ್ ಹ್ಯಾಲಮ್, ಕಂಪನಿಯ ಬಹಳಷ್ಟು ಶೇರು ಕೊಂಡಿದ್ದ ಹೂಡಿಕೆ ನಿಧಿಯ ಪರವಾಗಿ. “ಒಂದೇ ಪ್ರಕಟಣೆ ಎರಡು ಭಾಷೆಯಲ್ಲಿ ಎರಡು ಥರ ಯಾಕಿದೆ?” ಎಂದು ಅವಳು ಕೇಳಿದಳು. ರೋಸ್ವಿತಾ ಅದನ್ನು ಜರ್ಮನ್‌ಗೆ ತಂದಳು. ಬಾಲ್ಸರ್ ಗೆರೋಲ್ಡನ ಕಡೆ ಕೈ ತೋರಿಸಿದ.

ಗೆರೋಲ್ಡ್ ಕನ್ನಡಕ ಸರಿಮಾಡಿಕೊಂಡ. “ಇಂಗ್ಲಿಷ್ ಪ್ರತಿ ನನ್ನ ಕೈಗೆ ಬಂದಿದ್ದೇ ಹಾಗೆ. ಅನುವಾದ ಮಾಡಿದ್ದು ಶ್ರೀಮತಿ ವೈಗಾಂಡ್. ಇತ್ತೀಚೆಗೆ ಅವರ ಗಮನ ಕೆಲಸದ ಮೇಲೆ ಇರೋದಿಲ್ಲ. ಹಳೇ ನಂಬಿಕೆಯಿಂದ ನಾನು ಹೋಲಿಸಿ ನೋಡದೆ ಕಳಿಸಿಬಿಟ್ಟೆ. ನಂಬಿದ್ದೇ ನನ್ನ ತಪ್ಪು.”

ದಿನಕ್ಕೆ ನೂರು ಸಲ ‘ಏನೇ’ ಎನ್ನುತ್ತಿದ್ದವನಿಗೆ ಇವತ್ತು ರೋಸ್ವಿತಾ ಶ್ರೀಮತಿ ವೈಗಾಂಡ್! ಅಯ್ಯೋ ದ್ರೋಹಿ, ಇಷ್ಟು ಸಲೀಸಾಗಿ ಕತ್ತು ಕೊಯ್ದೆಯಲ್ಲೋ! ಎದ್ದು ಅವನ ಕೊರಳಪಟ್ಟಿ ಹಿಡಿಯಬೇಕು ಅನ್ನಿಸಿತು. ಆದರೆ ಫೋನಿನ ಆ ತುದಿಯಲ್ಲಿ ಒಬ್ಬ ಹೆಂಗಸು ಕಾಯುತ್ತಿದ್ದಳು.

ಬದಲಾಯಿಸಿ ಹೇಳುವುದು ಎಷ್ಟು ಹೊತ್ತಿನ ಕೆಲಸ? ಅವನ ಮಾತೆಂಬಂತೆ ‘ತಿದ್ದಿದ್ದು ನಾನೇ’ ಎಂದುಬಿಟ್ಟರೆ ಸಾಕಿತ್ತು. ಇಂಗ್ಲಿಷ್ ಚೆನ್ನಾಗಿ ಬಲ್ಲ ಗೆರೋಲ್ಡ್ ಅದಕ್ಕೇ ಹೆದರಿ ಅವಳ ತುಟಿಯನ್ನೇ ನೋಡುತ್ತಿದ್ದ. ರೋಸ್ವಿತಾ ಬಾಯಿ ತೆರೆದಳು. ಮಾತಾಡಿದವರು ‘ನಾನು’ ಎಂದರೆ ದುಭಾಷಿಯೂ ‘ನಾನು’ ಎನ್ನಬೇಕು. ಹಾಗೇ ಅಂದಳು. ಶ್ರೀಮತಿ ವೈಗಾಂಡ್‌ಗೆ ಗಮನವಿಲ್ಲ, ನಾನು ಅವರನ್ನು ನಂಬಿದೆ, ನಂಬಿದ್ದೇ ನನ್ನ ತಪ್ಪು. ಒಂದು ಪದ ಬಿಡಲಿಲ್ಲ, ಒಂದನ್ನೂ ಮೆತ್ತಗೆ ಮಾಡಲಿಲ್ಲ. ತನ್ನ ಹೆಸರಿಗೆ ತಾನೇ ಮಸಿ ಬಳಿದಳು. ಗೆರೋಲ್ಡ್ ನೆಮ್ಮದಿಯ ನಿಟ್ಟುಸಿರು ಬಿಟ್ಟದ್ದು ಅವಳಿಗೆ ಕೇಳಿಸಿತು. ಆ ನಿಟ್ಟುಸಿರು ಸುಳ್ಳಿಗಿಂತ ಹೆಚ್ಚು ನೋಯಿಸಿತು.

“ಆ ಅನುವಾದಕಿಯ ಜೊತೆ ನಾನು ಮಾತಾಡಬೇಕು,” ಎಂದಳು ಮಿಸ್ ಹ್ಯಾಲಮ್. “ಅವರು ಕೋಣೆಯಲ್ಲಿ ಇದ್ದಾರೆಯೇ?”

ರೋಸ್ವಿತಾ ಅದನ್ನೂ ಜರ್ಮನ್‌ಗೆ ತಂದಳು. ಬಾಲ್ಸರ್ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ. ಗೆರೋಲ್ಡ್ ಮೇಜು ನೋಡಿದ. ಅವನೊಂದು ಮಾತಾಡಲಿ ಎಂದು ಅವಳು ಕಾದಳು, ಈಗಲೂ ಕಾದಳು.

“ಇದ್ದಾರೆ,” ಎಂದಳು ಇಂಗ್ಲಿಷಿನಲ್ಲಿ. “ಇಷ್ಟು ಹೊತ್ತೂ ನೀವು ಕೇಳ್ತಾ ಇದ್ದದ್ದು ಅವರದೇ ದನಿ. ಇನ್ನು ಮುಂದೆ ನಾನು ಹೇಳೋದು ನನ್ನ ಮಾತು.”

ಬಾಲ್ಸರ್ ಗಡಿಬಿಡಿಯಿಂದ ಎದ್ದ. “ದಾಖಲೆಗೆ ಇದು ಜರ್ಮನ್ನಲ್ಲಿ ಬೇಕಲ್ಲ! ಈಗ ಇದನ್ನ ಯಾರು...”

“ಗೆರೋಲ್ಡ್ ಇದ್ದಾನಲ್ಲ,” ಎಂದು ರೋಸ್ವಿತಾ ದುಭಾಷಿಯ ಕುರ್ಚಿ ಬಿಟ್ಟು ಎದ್ದು, ಅದನ್ನು ಅವನ ಕಡೆ ತಳ್ಳಿದಳು. “ಬಾರೋ, ಕೂತ್ಕೋ. ನಾನು ಹೇಳ್ತೀನಿ, ನೀನು ಒಂದು ಪದ ಬಿಡದೆ ದಾಟಿಸು.”

ಗೆರೋಲ್ಡ್ ಏಳಲಿಲ್ಲ. ಅವಳು ಶುರುಮಾಡಿದಳು.