ಕಪ್ಪು ಸೀಳಿನ ನಾನೂರ ಹನ್ನೆರಡು

ಸ್ಕಾರ್ವೇ ದ್ವೀಪದಲ್ಲಿ ಯಾರಿಗಾದರೂ ಅಪರೂಪದ ಹಕ್ಕಿ ಕಂಡರೆ, ಅದನ್ನು ಓಸ್ಲಾ ಲೀಸ್ಕ್‌ಗೆ ಹೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸುತ್ತಿದ್ದರು. ಹೇಳಿದರೆ ವಿಚಾರಣೆ ತಪ್ಪುತ್ತಿರಲಿಲ್ಲ. ಕಾಲಿನ ಬಣ್ಣ ಯಾವುದು, ಕೊಕ್ಕು ನೆಟ್ಟಗಿತ್ತೋ ಬಾಗಿತ್ತೋ, ಹಾರುವಾಗ ರೆಕ್ಕೆಯಲ್ಲಿ ಬಿಳಿ ಪಟ್ಟೆ ಕಂಡಿತೋ, ಕನ್ನಡಕ ಹಾಕಿದ್ದಿರೋ ಇಲ್ಲವೋ. ಮೂವತ್ತು ವರ್ಷ ದ್ವೀಪದ ನರ್ಸ್ ಆಗಿ ದುಡಿದ ಹೆಂಗಸು. ಹೊಟ್ಟೆನೋವೆಂದು ಬಂದವರನ್ನು ಕೇಳುತ್ತಿದ್ದ ದನಿಯಲ್ಲೇ ಹಕ್ಕಿ ಕಂಡವರನ್ನೂ ಕೇಳುತ್ತಿದ್ದಳು. ಒಮ್ಮೆ ಪಾದ್ರಿಗಳು ಚರ್ಚಿನ ಗೋಡೆಯ ಮೇಲೆ ಹಸಿರು ಕಳ್ಳಿಪೀರ ಕೂತಿತ್ತೆಂದು ಉತ್ಸಾಹದಿಂದ ಬಂದವರು, ಮೂರನೆಯ ಪ್ರಶ್ನೆಗೆ ಅದು ಯಾರದೋ ಕೈಗವಸು ಇದ್ದರೂ ಇರಬಹುದೆಂದು ಒಪ್ಪಿಕೊಂಡು ಹೊರಟುಹೋಗಿದ್ದರು.

ಆದರೂ ಅವಳ ದಪ್ಪ ರಟ್ಟಿನ ಪುಸ್ತಕದ ಬಗ್ಗೆ ದ್ವೀಪದ ಇಪ್ಪತ್ತೆಂಟು ಜನರಿಗೂ ಒಳಗೊಳಗೇ ಹೆಮ್ಮೆ. ಹತ್ತೊಂಬತ್ತು ಚಳಿಗಾಲಗಳ ಲೆಕ್ಕ ಅದರಲ್ಲಿತ್ತು. ಹಕ್ಕಿಗಳಷ್ಟೇ ಅಲ್ಲ, ಮರಳ ಮೇಲೆ ನೀರುನಾಯಿ ಬಿಟ್ಟ ಹೆಜ್ಜೆ, ಮರಿ ಹಾಕಿದ ಸೀಲ್‌ಗಳು, ಅಂಗಡಿಯ ದೀಪಕ್ಕೆ ಬಂದು ಬಿದ್ದ ಪತಂಗ, ಎಲ್ಲಕ್ಕೂ ತಾರೀಕು, ಗಾಳಿಯ ದಿಕ್ಕು, ಕಂಡವರ ಹೆಸರು. ಸ್ಕಾಟ್ಲೆಂಡಿನ ಬಡಗಣ ಕಡಲಿನ ಶೆಟ್ಲೆಂಡಿನ ದೊಡ್ಡ ದ್ವೀಪದಲ್ಲಿ ಎಲ್ಲ ದ್ವೀಪಗಳ ದಾಖಲೆ ಜೋಡಿಸುವ ಯೂನ್ಸನ್ ಎಂಬಾತ, ಸ್ಕಾರ್ವೇಯಿಂದ ಬಂದ ಅಂಕಿಯನ್ನು ತಾನು ಎರಡನೇ ಸಲ ನೋಡುವುದಿಲ್ಲ ಎನ್ನುತ್ತಿದ್ದ.

ಜನವರಿಯ ಎರಡನೇ ಶನಿವಾರ ದಡದ ಹಕ್ಕಿಗಳ ಎಣಿಕೆ. ಅಲ್ಲಿ ಆ ತಿಂಗಳಲ್ಲಿ ಸೂರ್ಯ ಒಂಬತ್ತಕ್ಕೆ ಎದ್ದು ಮೂರಕ್ಕೆ ಮಲಗುತ್ತಾನೆ. ಅಷ್ಟರೊಳಗೆ, ಸಮುದ್ರ ಪೂರ್ತಿ ಇಳಿದಿರುವ ಹೊತ್ತು ನೋಡಿ, ನಾಲ್ಕು ಜನ ನಾಲ್ಕು ಭಾಗದಲ್ಲಿ ಒಟ್ಟಿಗೇ ನಡೆಯಬೇಕು. ಇಲ್ಲದಿದ್ದರೆ ಈ ಬದಿ ಎಣಿಸಿದ ಹಕ್ಕಿ ಆ ಬದಿಗೆ ಹಾರಿ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಓಸ್ಲಾ ಒಬ್ಬಳು, ಶಾಲೆಯ ಟೀಚರ್ ಟೊಮಿಮಾ ಒಬ್ಬಳು, ಉಳಿದಿಬ್ಬರು ದೊಡ್ಡ ದ್ವೀಪದಿಂದ ಫೆರಿಯಲ್ಲಿ ಬರುವವರು. ಆ ವರ್ಷ ಮೂರು ದಿನ ಆಗ್ನೇಯದ ಗಾಳಿ ಬೀಸಿ ಅಂದು ಬೆಳಿಗ್ಗೆಯಷ್ಟೇ ನಿಂತಿತ್ತು. ಆಕಾಶ ತೊಳೆದಿಟ್ಟ ಹಾಗಿತ್ತು. ಅಲೆ ಮಾತ್ರ ಇನ್ನೂ ಇಳಿದಿರಲಿಲ್ಲ. ಒಂಬತ್ತೂವರೆಗೆ ಫೆರಿ ಬರುವುದಿಲ್ಲವೆಂದು ಫೋನ್ ಬಂತು.

ಪಡುವಣ ದಡವನ್ನು ಅಂಗಡಿಯ ಬಾರ್ಬರಾ ನೋಡಿಕೊಳ್ಳುತ್ತೇನೆಂದಳು. ಅಲ್ಲಿ ಐಡರ್ ಬಾತುಗಳಲ್ಲದೆ ಬೇರೇನೂ ಇರುವುದಿಲ್ಲ, ಬಾತು ಅವಳಿಗೆ ಗೊತ್ತು. ಬಡಗಣ ದಡಕ್ಕೆ ಜನವಿರಲಿಲ್ಲ.

"ಮ್ಯಾನ್ಸಿಯವರನ್ನ ಕೇಳಬಹುದಲ್ಲ," ಎಂದಳು ಟೊಮಿಮಾ. "ಅವರ ಕುರಿ ಎಲ್ಲಾ ಅಲ್ಲೇ ಮೇಯೋದು."

ಟೊಮಿಮಾ ಬಂದು ಎರಡೇ ವರ್ಷ, ಅವಳಿಗೆ ಹಳೆಯದು ಗೊತ್ತಿರಲಿಲ್ಲ. ಮ್ಯಾನ್ಸಿ ಓಸ್ಲಾಳ ಗಂಡನ ಅಣ್ಣ. ಎರಡು ಹೊಲದಾಚೆ ಅವನ ಮನೆ. ಹತ್ತು ವರ್ಷದಿಂದ ಇಬ್ಬರ ನಡುವೆ ಹವಾಮಾನ ಬಿಟ್ಟು ಬೇರೆ ಮಾತಿರಲಿಲ್ಲ. ಓಸ್ಲಾಳ ಗಂಡ ಗಿಬ್ಬಿ ಒಂದು ಡಿಸೆಂಬರಿನಲ್ಲಿ ಮಳೆಯಲ್ಲಿ ತೊಯ್ದು ಮನೆಗೆ ಬಂದು, ಗುಡ್ಡದ ಮೇಲೆ ಹಿಮಗೂಬೆ ಕಂಡೆನೆಂದಿದ್ದ. ಓಸ್ಲಾ ಎಲ್ಲರನ್ನೂ ಕೇಳುವಂತೆ ಅವನನ್ನೂ ಕೇಳಿದಳು. ಬೆಳ್ಳಗಿತ್ತು, ದೊಡ್ಡದಿತ್ತು, ಕೂತಿತ್ತು ಎನ್ನುವುದರಾಚೆ ಅವನು ಏನೂ ಹೇಳಲಿಲ್ಲ. ಅವಳು ಬರೆಯಲಿಲ್ಲ. ಮುಂದಿನ ವರ್ಷ ಗಿಬ್ಬಿ ಹೃದಯ ನಿಂತು ತೀರಿಕೊಂಡ. ಮಣ್ಣು ಮಾಡಿ ಬಂದ ದಿನ ಮ್ಯಾನ್ಸಿ, ನನ್ನ ತಮ್ಮ ಜೀವಮಾನದಲ್ಲಿ ಸುಳ್ಳು ಹೇಳಿದವನಲ್ಲ ಎಂದಷ್ಟೇ ಹೇಳಿ, ಟೋಪಿ ಹಾಕಿಕೊಂಡು ಹೊರಟುಹೋಗಿದ್ದ.

ಬೇರೆ ದಾರಿ ಇಲ್ಲದೆ ಓಸ್ಲಾ ಹೋದಳು. ಮ್ಯಾನ್ಸಿ ಕೊಟ್ಟಿಗೆಯಲ್ಲಿ ಟಗರಿಗೆ ಟರ್ನಿಪ್ ಗಡ್ಡೆ ಕತ್ತರಿಸಿ ಹಾಕುತ್ತಿದ್ದ. ಎಪ್ಪತ್ತೊಂದು ವರ್ಷ, ಬೇಲಿಗೂಟದ ಹಾಗೆ ನೆಟ್ಟಗಿದ್ದ.

"ಗಾಳಿ ನಿಂತಿತು," ಎಂದ.

"ನಿಂತಿತು. ಮ್ಯಾನ್ಸಿ, ಇವತ್ತು ಎಣಿಕೆ. ಬಡಗಣ ದಡಕ್ಕೆ ಒಬ್ಬರು ಬೇಕಿತ್ತು."

ಅವನು ಇನ್ನೊಂದು ಗಡ್ಡೆ ಕತ್ತರಿಸಿದ. "ನಂಗೆ ಹಕ್ಕಿ ಹೆಸರು ಗೊತ್ತಿಲ್ಲ."

"ಎಣಿಸೋಕೆ ಬರುತ್ತಲ್ಲ."

"ಅರವತ್ತು ವರ್ಷದಿಂದ ಕುರಿ ಎಣಿಸ್ತಿದೀನಿ. ಒಂದೂ ನನ್ನ ಲೆಕ್ಕ ತಪ್ಪಿದೆ ಅಂತ ಇವತ್ತಿನವರೆಗೂ ದೂರು ಕೊಟ್ಟಿಲ್ಲ," ಎಂದು ಚಾಕು ಒರೆಸಿಕೊಂಡ. ಬರುತ್ತೇನೆಂದು ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ. ಹೆಸರು ಗೊತ್ತಿಲ್ಲದಿದ್ದರೆ ಬಣ್ಣ, ಗಾತ್ರ ಹೇಳಿದರೆ ಸಾಕೆಂದು ಹೇಳಿ ಓಸ್ಲಾ ತನ್ನ ಹಳೆಯ ದುರ್ಬೀನನ್ನು ಗೇಟಿಗೆ ನೇತುಹಾಕಿ ಬಂದಳು. ಹನ್ನೊಂದಕ್ಕೆ ಎಣಿಕೆಗೆ ಹೊರಟು ಆ ಕಡೆ ನೋಡಿದಾಗ ಅದು ಅಲ್ಲಿರಲಿಲ್ಲ.

ತೆಂಕಣ ದಡ ಅವತ್ತು ಓಸ್ಲಾಳಿಗೆ ಹಬ್ಬ. ಅಲೆ ಎಸೆದ ಕಡಲಪಾಚಿಯ ಮೇಲೆ ಕಬ್ಬಕ್ಕಿಗಳು ಜಗಳವಾಡುತ್ತಿದ್ದವು. ಕಲ್ಲು ಮಗುಚಿ ಹುಳ ಹೆಕ್ಕುವ ಪುಟ್ಟ ಹಕ್ಕಿಗಳು ಅವಳ ಬೂಟಿನ ಮುಂದೆಯೇ ಓಡಾಡಿದವು. ಒಂದು ಸೀಲ್ ನೀರಿನಿಂದ ತಲೆಯೆತ್ತಿ, ದಡದುದ್ದಕ್ಕೂ ಅವಳ ಜತೆಗೇ ಬಂತು, ಅಂಗಡಿಗೆ ಹೊರಟ ಗೆಳತಿಯ ಹಾಗೆ. ಮೂಗು ಕೆಂಪಾಗಿ, ಬೆರಳು ಮರಗಟ್ಟಿ, ಅವಳು ಶಿಳ್ಳೆ ಹಾಕುತ್ತಾ ಬರೆದುಕೊಂಡಳು.

ಒಂದೂವರೆಗೆ ಎಲ್ಲರೂ ಶಾಲೆಯ ಅಡುಗೆಮನೆಯಲ್ಲಿ ಸೇರಿದರು. ಉಪ್ಪು ಹಚ್ಚಿ ಒಣಗಿಸಿದ ಕುರಿಮಾಂಸದ ಸಾರು ಒಲೆಯ ಮೇಲಿತ್ತು, ಬಾರ್ಬರಾ ಬ್ಯಾನಕ್ ರೊಟ್ಟಿ ತಂದಿದ್ದಳು. ಮ್ಯಾನ್ಸಿ ಕೊನೆಗೆ ಬಂದ. ಟೋಪಿ ತೆಗೆದು ಕೂತು ನೀರುಕಾಗೆ ಮೂವತ್ತೊಂದು, ಬೂದುಬಣ್ಣದ ಕೊಕ್ಕರೆ ಎರಡು ಎಂದು ಹೇಳಿದ. ಆಮೇಲೆ ಕೋಟಿನ ಎಡ ಜೇಬಿನಿಂದ ಬೆಣಚುಕಲ್ಲುಗಳನ್ನು ತೆಗೆದು ಮೇಜಿನ ಮೇಲೆ ಹಾಕಿದ. ಇಪ್ಪತ್ತು ಹಕ್ಕಿಗೆ ಒಂದು ಕಲ್ಲು ಬಲ ಜೇಬಿನಿಂದ ಎಡಕ್ಕೆ ಹೋಗುತ್ತಿತ್ತು, ಕುರಿಗೆ ಮಾಡುವ ಹಾಗೆಯೇ. ಇಪ್ಪತ್ತು ಕಲ್ಲುಗಳಿದ್ದವು.

"ಮೇಲೆ ಹನ್ನೆರಡು," ಎಂದ. "ಬಂಡೆ ಮೇಲಿರೋ ಕಪ್ಪು ಹಕ್ಕಿಗಳು. ಕಬ್ಬಕ್ಕಿಯಷ್ಟು ದೊಡ್ಡವು, ಗುಂಡಗೆ."

ಅವು ಊದಾ ಗೊರವಗಳು, ಉತ್ತರದ ಹಿಮನಾಡಿನಿಂದ ಚಳಿಗಾಲ ಕಳೆಯಲು ಬರುವವು. ಓಸ್ಲಾಳ ಪುಸ್ತಕದಲ್ಲಿ ಇಡೀ ದ್ವೀಪಕ್ಕೆ ಅವು ತೊಂಬತ್ತನ್ನು ಯಾವತ್ತೂ ದಾಟಿರಲಿಲ್ಲ. ಅವಳ ಪೆನ್ನು ನಿಂತಿತು.

"ಕಾಲಿನ ಬಣ್ಣ ಏನಿತ್ತು?"

"ಎಣಿಸು ಅಂದೆ. ಕಾಲು ನೋಡು ಅನ್ನಲಿಲ್ಲ."

"ನಾನೂರು ಅಂದ್ರೆ ಸಣ್ಣ ಮಾತಲ್ಲ ಮ್ಯಾನ್ಸಿ. ಕಬ್ಬಕ್ಕಿ ಇರಬಹುದು."

"ನಮ್ಮನೆ ಚಿಮಣಿಯಲ್ಲಿ ಕಬ್ಬಕ್ಕಿ ಸಂಸಾರ ಮಾಡ್ತವೆ. ಗುರುತು ಸಿಗಲ್ವಾ ನಂಗೆ?" ಅವನು ಸಾರಿನ ಬಟ್ಟಲನ್ನು ಹತ್ತಿರಕ್ಕೆಳೆದುಕೊಂಡ. "ಬರೆದ್ರೆ ಬರಿ, ಇಲ್ಲಾಂದ್ರೆ ಬಿಡು. ಕಟ್ಕೊಂಡವನನ್ನೇ ನಂಬದವಳು ನನ್ನನ್ನ ನಂಬ್ತೀಯಾ?"

ಬಾರ್ಬರಾ ಎದ್ದು, ಅಗತ್ಯವಿಲ್ಲದಿದ್ದರೂ ಕೆಟಲ್ ತುಂಬಿಸಿದಳು. ಟೊಮಿಮಾ ರೊಟ್ಟಿಗೆ ಬೆಣ್ಣೆ ಸವರಿದಳು, ಅದಕ್ಕೆ ಆಗಲೇ ಬೆಣ್ಣೆ ಸವರಿಯಾಗಿತ್ತು. ಓಸ್ಲಾಳ ಮುಖ ಕೆಂಪೇರಿತು. ಅವಳು ಪೆನ್ನು ಮುಚ್ಚಿ, ನಾಳೆಯ ಇಳಿತ ಹನ್ನೆರಡೂವರೆಗೆ, ನಾಳೆ ನನಗೆ ತೋರಿಸು ಎಂದಳು.

ಮರುದಿನ ಅವನು ಅವಳನ್ನು ಕರೆದೊಯ್ದದ್ದು ಬಡಗಣ ದಡದ ಕಪ್ಪು ಸೀಳಿಗೆ. ಕಡಲು ಬಂಡೆಯನ್ನು ಕೊರೆದು ಮಾಡಿದ ಇಕ್ಕಟ್ಟಾದ ಕಂದಕ ಅದು, ಬಾಯಿ ಮೂಡಣಕ್ಕೆ. ಓಸ್ಲಾ ಅದರ ನೆತ್ತಿಯ ಮೇಲೆ ನೂರು ಸಲ ನಡೆದಿದ್ದಳು. ಪ್ರತಿ ಸಲವೂ ಬಗ್ಗಿ ನೋಡಿ, ನೊರೆ ಬಿಟ್ಟು ಏನೂ ಕಾಣದೆ ಮುಂದೆ ಹೋಗಿದ್ದಳು. ಕೆಳಗಿನ ಅರ್ಧವನ್ನು ಮುಂಚಾಚಿದ ಬಂಡೆ ಮರೆ ಮಾಡುತ್ತದೆಂದು ಅವಳಿಗೆ ಹೊಳೆದಿರಲಿಲ್ಲ. ಮ್ಯಾನ್ಸಿಗೆ ಗೊತ್ತಿತ್ತು, ಏಕೆಂದರೆ ಚಳಿಗಾಲದಲ್ಲಿ ಅವನ ಕುರಿಗಳು ಪಾಚಿ ತಿನ್ನಲು ಅಲ್ಲಿಗೆ ಇಳಿದು ಸಿಕ್ಕಿಹಾಕಿಕೊಳ್ಳುತ್ತಿದ್ದವು. ಕಬ್ಬಿಣದ ಗೂಟಕ್ಕೆ ಕಟ್ಟಿದ ಅವನ ಹಗ್ಗ ಅಲ್ಲೇ ಇತ್ತು.

"ಕುರಿ ಇಳಿಯುತ್ತೆ, ನೀನೂ ಇಳೀತೀಯ," ಎಂದ. "ಕುರಿಗಿಂತ ಸ್ವಲ್ಪ ಜಾಸ್ತಿ ಮಾತಾಡ್ತಾ ಇಳೀತೀಯ, ಅಷ್ಟೇ."

ಅರವತ್ತಮೂರರ ಮೊಣಕಾಲು ಎರಡು ಕಡೆ ತಕರಾರು ಮಾಡಿತು. ಕೆಳಗೆ ಕಾಲಿಟ್ಟಾಗ ಕೊಳೆತ ಪಾಚಿಯ ವಾಸನೆ ಮುಖಕ್ಕೆ ಹೊಡೆಯಿತು. ಬಿರುಗಾಳಿ ಎದೆಯೆತ್ತರಕ್ಕೆ ಪಾಚಿಯನ್ನು ತಂದು ಪೇರಿಸಿತ್ತು, ಅದರ ತುಂಬ ಬಿಳಿ ಹುಳ. ಅದರಾಚೆಯ ಬಂಡೆ ಮೊದಲು ಬರೀ ಬಂಡೆಯಂತೆ ಕಂಡಿತು. ಆಮೇಲೆ ಬಂಡೆ ಅಲುಗಿತು. ಒಂದಕ್ಕೊಂದು ಮೈ ತಾಗಿಸಿ ನಿಂತ ಊದಾ ಗೊರವಗಳು, ಅಲೆ ಬಂದಾಗ ಒಟ್ಟಿಗೆ ಒಂದು ಹೆಜ್ಜೆ ಮೇಲೆ ಹಾರಿ, ಅಲೆ ಹೋದಾಗ ಒಟ್ಟಿಗೆ ಇಳಿಯುತ್ತಿದ್ದವು. ಮೆಲ್ಲಗೆ ತಮ್ಮತಮ್ಮಲ್ಲೇ ಗೊಣಗುತ್ತಿದ್ದವು.

ಓಸ್ಲಾ ಎಣಿಸಿದಳು. ಮತ್ತೆ ಎಣಿಸಿದಳು. ನಾನೂರ ಹತ್ತೊಂಬತ್ತು.

"ಏಳು ಜಾಸ್ತಿ ಬಂತು," ಎಂದಳು.

"ಅವು ಇವತ್ತು ಬಂದಿರಬೇಕು. ನಿನ್ನೆ ಎಣಿಸಿದ್ದು ನಾನು."

ಪ್ರತಿ ವರ್ಷವೂ ಹೀಗೇ ಬರುತ್ತವೆಯೇ ಎಂದು ಅವಳು ಕೇಳಿದಳು. ಆಗ್ನೇಯದ ಗಾಳಿ ಜೋರಾಗಿ ಬೀಸಿದ ವರ್ಷವೆಲ್ಲ ಬರುತ್ತವೆ, ತಾನು ಹುಡುಗನಾಗಿದ್ದಾಗಿನಿಂದ ನೋಡಿದ್ದೇನೆ ಎಂದ ಮ್ಯಾನ್ಸಿ. ಓಸ್ಲಾ ಒದ್ದೆ ಕಲ್ಲಿನ ಮೇಲೆ ಕೂತುಬಿಟ್ಟಳು. ಹತ್ತೊಂಬತ್ತು ಚಳಿಗಾಲದ ಅಂಕಿ, ಯೂನ್ಸನ್ ಎರಡನೇ ಸಲ ನೋಡದ ಅಂಕಿ, ನಾಲ್ಕನೇ ಒಂದು ಪಾಲೂ ಸರಿಯಿರಲಿಲ್ಲ.

"ಹೇಳಬಾರದಿತ್ತಾ ಮಾರಾಯ?"

"ನೀನು ಕೇಳಲಿಲ್ಲ. ಹೇಳಿದ್ರೆ ಕಾಲಿನ ಬಣ್ಣ ಕೇಳ್ತೀಯ."

ಅವಳಿಗೆ ನಗು ಬಂತು, ನಗುತ್ತಿರುವಾಗಲೇ ಕಣ್ಣು ಒರೆಸಿಕೊಳ್ಳಬೇಕಾಯಿತು. ಆಮೇಲೆ ತಾನಾಗಿಯೇ ಮಾತು ತೆಗೆದಳು.

"ಗಿಬ್ಬಿಯ ಗೂಬೆ ನಾನು ಈಗಲೂ ಬರೆಯೋಲ್ಲ ಮ್ಯಾನ್ಸಿ. ಬರೆಯೋದಕ್ಕೆ ಏನೂ ಇಲ್ಲ. ಆದ್ರೆ ಅವತ್ತು ಅವನ ಜತೆ ಗುಡ್ಡಕ್ಕೆ ಹೋಗಿ ನೋಡಬೇಕಿತ್ತು. ಬಾ ಅಂತ ಕರೆದ. ಮಳೆ ಬರ್ತಿತ್ತು, ಒಲೆಯಲ್ಲಿ ರೊಟ್ಟಿ ಇಟ್ಟಿದ್ದೆ. ಹೋಗಲಿಲ್ಲ."

ಮ್ಯಾನ್ಸಿ ಹಗ್ಗದ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದ. "ನನ್ನನ್ನೂ ಕರೆದಿದ್ದ," ಎಂದ. "ಮಳೆ ಅಂತ ನಾನೂ ಹೋಗಲಿಲ್ಲ."

ಇಬ್ಬರೂ ಹಕ್ಕಿಗಳನ್ನು ನೋಡುತ್ತಾ ಕೂತರು. ನೀರು ಏರಲು ತೊಡಗಿದ ಮೇಲೆ ಅವನು ಅವಳನ್ನು ಮುಂದೆ ಹತ್ತಿಸಿ, ಹಿಂದಿನಿಂದ ಎಡಗಾಲು, ಬಲಗಾಲು ಎಂದು ಹೇಳುತ್ತಾ ಬಂದ.

ಆ ವಾರ ಓಸ್ಲಾ ಪುಸ್ತಕದ ಹತ್ತೊಂಬತ್ತು ಪುಟಗಳಲ್ಲೂ ಕೆಂಪು ಶಾಯಿಯಲ್ಲಿ ಒಂದೇ ಸಾಲು ಬರೆದಳು: ಕಪ್ಪು ಸೀಳು ನೋಡಿಲ್ಲ, ಈ ಅಂಕಿ ಕಡಿಮೆ. ಬರೆಯುವಾಗ ಹಲ್ಲು ಕೀಳಿಸಿಕೊಂಡ ಹಾಗಾಯಿತು, ಮುಗಿದ ಮೇಲೆ ಹಲ್ಲು ಕಿತ್ತ ಮೇಲಿನ ಸುಖವೂ ಆಯಿತು. ಇಪ್ಪತ್ತನೆಯ ಪುಟದಲ್ಲಿ ನಾನೂರ ಹನ್ನೆರಡು, ಎಣಿಸಿದವರು ಮ್ಯಾನ್ಸಿ ಲೀಸ್ಕ್.

ಯೂನ್ಸನ್ ಈ ಸಲ ಎರಡನೇ ಸಲ ನೋಡಿದ. ಫೋನ್ ಮಾಡಿ, ಹೊಸಬರ ಎಣಿಕೆ, ಇಷ್ಟು ದೊಡ್ಡ ಅಂಕಿ, ಒಂದು ಸೊನ್ನೆ ಹೆಚ್ಚಾಗಿಲ್ಲ ತಾನೇ ಎಂದು ನಯವಾಗಿ ಕೇಳಿದ. ಓಸ್ಲಾ ಅವನಿಗೇ ಬಂದು ನೋಡಲು ಹೇಳಿದಳು. ಹಗ್ಗ ಹಿಡಿದು ಇಳಿಯುವ ಅಭ್ಯಾಸವಿದ್ದರೆ ಒಳ್ಳೆಯದು ಎಂದೂ ಸೇರಿಸಿದಳು.

ಫೆಬ್ರವರಿಯಲ್ಲಿ ಅವನು ಹೊಸ ಬೂಟು, ದೊಡ್ಡ ಕ್ಯಾಮೆರಾ ಸಮೇತ ಫೆರಿಯಿಂದಿಳಿದ. ಅರ್ಧ ಹಗ್ಗದಲ್ಲಿ ಹದಿನೈದು ನಿಮಿಷ ನಿಂತ. ಮ್ಯಾನ್ಸಿ ಮೇಲಿನಿಂದ ಟಗರನ್ನು ಪುಸಲಾಯಿಸುವ ದನಿಯಲ್ಲಿ ಪುಸಲಾಯಿಸಿ ಅವನನ್ನು ಕೆಳಗೆ ಮುಟ್ಟಿಸಿ, ಓಸ್ಲಾಳ ಹಿಂದೆ ತಾನೂ ಇಳಿದ. ಪಾಚಿ ಅರ್ಧ ಕೊಚ್ಚಿಹೋಗಿತ್ತು, ಆದರೂ ಇನ್ನೂರ ಎಪ್ಪತ್ತು ಹಕ್ಕಿಗಳಿದ್ದವು. ಯೂನ್ಸನ್ ಟೋಪಿ ತೆಗೆದು ಮ್ಯಾನ್ಸಿಯ ಕೈ ಕುಲುಕಿದ. ಮ್ಯಾನ್ಸಿಗೆ ಏನು ಮಾಡಬೇಕೆಂದು ತಿಳಿಯದೆ, ಬೂಟು ಚೆನ್ನಾಗಿದೆ ಎಂದ.

ಮುಂದಿನ ಚಳಿಗಾಲಕ್ಕೆ ಯಾರು ಯಾವ ದಡವೆಂದು ಮೂವರೂ ಅಲ್ಲೇ ಮಾತಾಡಿಕೊಳ್ಳುತ್ತಿದ್ದಾಗ, ಸೀಳಿನ ಬಾಯಲ್ಲಿ ನೀರು ಉಬ್ಬಿ ಒಂದು ನೀರುನಾಯಿ ಬಂಡೆಗೆ ಹತ್ತಿತು, ಬಾಯಲ್ಲಿ ತನ್ನ ತಲೆಯಷ್ಟೇ ದೊಡ್ಡ ಮೀನು. ಆರು ಮಾರು ದೂರದಲ್ಲಿ ಕೂತು, ಮುಳ್ಳು ಕಟಕಟ ಕಡಿಯುತ್ತಾ, ಬಾಲದವರೆಗೂ ತಿಂದು ಮುಗಿಸಿತು. ಯೂನ್ಸನ್ ಕ್ಯಾಮೆರಾ ಎತ್ತಲು ಹೋದಾಗ ಮ್ಯಾನ್ಸಿ ಮೆಲ್ಲಗೆ ಅವನ ಮೊಣಕೈ ಹಿಡಿದ. ನೀರುನಾಯಿ ಮುಖ ತೊಳೆದುಕೊಂಡು, ಮೂವರನ್ನೂ ಒಮ್ಮೆ ನೋಡಿ, ಸದ್ದಿಲ್ಲದೆ ನೀರಿಗೆ ಜಾರಿತು. ಓಸ್ಲಾ ಗಡಿಯಾರ ನೋಡಿ, ಪುಸ್ತಕ ತೆರೆದು, ಕಂಡವರ ಹೆಸರಿನ ಜಾಗದಲ್ಲಿ ಮೂವರ ಹೆಸರನ್ನೂ ಬರೆದಳು.