ಹಗಲೆಲ್ಲ ಉರಿದ ವಾಲ್ವು

ಸಾಗರದಲ್ಲಿ ವಾಲ್ವ್ ಆಂಪ್ಲಿಫೈಯರ್ ರಿಪೇರಿ ಮಾಡುವವನು ನಾನೊಬ್ಬನೇ ಎಂದರೆ ಜಂಭ ಅಂದುಕೊಳ್ಳಬೇಡಿ. ನನಗೆ ಗೊತ್ತಿದ್ದ ಹಾಗೆ ಅಂಥ ಪೆಟ್ಟಿಗೆ ಇರುವುದೂ ಊರಿನಲ್ಲಿ ಒಂದೇ. ಅದು ದುರ್ಗೇಶನದು.

ದುರ್ಗೇಶ ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್. ಮೂವತ್ತು ವರ್ಷದಿಂದ ನಮ್ಮೂರ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುವವನೂ ಅವನೇ. ಮಂಗಳೂರಿನ ಯಾವುದೋ ಬ್ಯಾಂಡು ಮುರಿದುಬಿದ್ದಾಗ ಗಿಟಾರಿನ ಸ್ವರ ದೊಡ್ಡದು ಮಾಡುವ ಆ ಪೆಟ್ಟಿಗೆಯನ್ನು ಕೊಂಡು, ಬಸ್ಸಿನ ಟಾಪಿನ ಮೇಲೆ ಹೇರಿಕೊಂಡು ತಂದಿದ್ದ. ಸ್ವಿಚ್ ಹಾಕಿದರೆ ಹಿಂದಿರುವ, ಬಲ್ಬಿನ ಹಾಗಿನ ಗಾಜಿನ ವಾಲ್ವುಗಳು ಮೆಲ್ಲಗೆ ಕೆಂಪಗಾಗುತ್ತವೆ, ಒಂದು ನಿಮಿಷ ಕಾಯಿಸಿ ಆಮೇಲೆ ಪೆಟ್ಟಿಗೆ ಬಾಯಿ ಬಿಡುತ್ತದೆ. ಸಂಗೀತದ ಗಂಧವಿಲ್ಲದ ನನಗೂ ಆ ಸ್ವರ ಕೇಳಿದರೆ ಹೊಟ್ಟೆಯೊಳಗೆ ಬೆಚ್ಚಗಾಗುತ್ತಿತ್ತು. ಅವನು ಮನೆಯಲ್ಲಿ ಬಾರಿಸುವಾಗ ಹೆಂಡತಿ ಹೇಮಾವತಿ ಪೆಟ್ಟಿಗೆಯ ಪಕ್ಕದಲ್ಲೇ ಕೂತು ಹೂ ಕಟ್ಟುತ್ತಿದ್ದಳು.

ವಾಲ್ವಿಗೆ ಬತ್ತಿಯ ಹಾಗೆ ಇಂತಿಷ್ಟು ಗಂಟೆಯ ಆಯುಷ್ಯ. ಉರಿದಷ್ಟೂ ಸವೆಯುತ್ತದೆ. ಮೊದಲು ಎರಡು ದೊಡ್ಡ ವಾಲ್ವಿಗೆ ಏಳುನೂರು ರೂಪಾಯಿ ಕೊಟ್ಟ ನೆನಪು. ಆಮೇಲೆ ಎರಡು ಸಾವಿರವಾಯಿತು. ಈಗ ಅವನ್ನು ಮಾಡುವುದೇ ಪ್ರಪಂಚದಲ್ಲಿ ಎರಡು ಮೂರು ಕಡೆಯಂತೆ. ಎಲ್ಲೋ ಯುದ್ಧ ಶುರುವಾದದ್ದೇ ತಡ, ಇಲ್ಲಿ ಜೋಡಿಗೆ ಒಂಬತ್ತು ಸಾವಿರ. ಹೋದ ವರ್ಷ ಯುಗಾದಿ ಕಳೆದ ಮೇಲೆ ದುರ್ಗೇಶ ತನ್ನ ಹಳೆಯ ಮೊಪೆಡ್ ಮಾರಿ ಒಂದು ಜೋಡಿ ತರಿಸಿದ.

"ಇದೇ ಕಡೇದು ಮಾರಾಯ. ಇವು ಹೋದ್ರೆ ನನ್ನ ಗಿಟಾರೂ ಮುಗೀತು" ಎಂದ. ನಾನೇ ಹಾಕಿಕೊಟ್ಟೆ.

ಮಳೆ ಹಿಡಿಯುತ್ತಲೇ ಅವನು ಬಸ್ಸಿನ ಒದ್ದೆ ಮೆಟ್ಟಿಲಲ್ಲಿ ಜಾರಿ ಎಡಗೈ ಮಣಿಕಟ್ಟು ಮುರಿದುಕೊಂಡ. ಮಾಲೀಕರು ಬಸ್‌ಸ್ಟ್ಯಾಂಡಿನ ಬುಕಿಂಗ್ ಕೌಂಟರಿನಲ್ಲಿ ಕೂರಿಸಿದರು. ನಾಲ್ಕು ತಿಂಗಳು ಗಿಟಾರ್ ಮುಟ್ಟುವ ಹಾಗಿರಲಿಲ್ಲ. ರಾಜ್ಯೋತ್ಸವಕ್ಕೆ ಹೊಸನಗರದಲ್ಲಿ ಕಾರ್ಯಕ್ರಮವಿತ್ತು, ಆ ಒಂದು ದಿನಕ್ಕಾಗಿ ಅವನು ಬೆರಳು ಮಡಿಸಿ ಬಿಚ್ಚಿ ಕಾಯುತ್ತಿದ್ದ.

ಆಷಾಢದಲ್ಲಿ ಒಂದು ದಿನ ಹೇಮಾವತಿ ಮಿಕ್ಸಿ ಹಿಡಿದುಕೊಂಡು ನನ್ನ ಅಂಗಡಿಗೆ ಬಂದಳು. ನಾನು ಟೀವಿಯೊಂದರ ಹೊಟ್ಟೆ ಬಿಚ್ಚಿ ಕೂತಿದ್ದೆ, ತಲೆ ಕೆಟ್ಟಿತ್ತು.

"ಶಿವಣ್ಣ, ಇವ್ರ ಗಿಟಾರಿನ ಪೆಟ್ಟಿಗೆ ಮೂಲೇಲಿ ಹಂಗೇ ಕೂತಿದೆ. ಶೀತ ಹಿಡೀತದಾ?"

ನಮ್ಮ ಕಡೆ ಮಳೆಗಾಲದಲ್ಲಿ ಟೀವಿ ರೇಡಿಯೋ ಯಾವುದನ್ನೂ ಸುಮ್ಮನೆ ಬಿಡುವುದಿಲ್ಲ. ನೋಡುವವರಿರಲಿ ಇಲ್ಲದಿರಲಿ, ದಿನಾ ಹಚ್ಚಿಡುತ್ತಾರೆ. ಒಳಗೆ ಬೆಚ್ಚಗಿದ್ದರೆ ಬೂಸ್ಟು ಹಿಡಿಯುವುದಿಲ್ಲ. ಬಂದ ಗಿರಾಕಿಗಳಿಗೆಲ್ಲ ನಾನು ಇದನ್ನೇ ಹೇಳಿ ಹೇಳಿ ನಾಲಿಗೆಗೆ ಪಾಠವಾಗಿತ್ತು.

"ಎಲ್ಲದಕ್ಕೂ ಒಂದೇ ಮದ್ದು ಹೇಮಕ್ಕ. ಹಗಲು ಹಚ್ಚಿಡಿ, ಎಂತ ಆಗೂದಿಲ್ಲ" ಎಂದೆ. ತಲೆ ಎತ್ತಿಯೂ ನೋಡಲಿಲ್ಲ.

ಹೊಸನಗರದಲ್ಲಿ ಎರಡನೇ ಹಾಡಿಗೆ ಪೆಟ್ಟಿಗೆಯ ಸ್ವರ ಸೋರಿಹೋಯಿತು. ನಾನು ವೇದಿಕೆಯ ಪಕ್ಕದಲ್ಲೇ ಇದ್ದೆ. ದುರ್ಗೇಶ ವಾಲ್ಯೂಮ್ ತಿರುಗಿಸಿದ, ನನ್ನ ಮುಖ ನೋಡಿದ. ಮೈಕಿನವರು ಅವನ ವಯರನ್ನು ಕಿತ್ತು ತಮ್ಮ ಮಿಕ್ಸರಿಗೆ ಸಿಕ್ಕಿಸಿದರು, ಹಾಡು ಮುಂದುವರಿಯಿತು. ಜನಕ್ಕೆ ಏನೂ ಗೊತ್ತಾಗಲಿಲ್ಲ, ಚಪ್ಪಾಳೆಯೂ ಬಿತ್ತು. ಅದೇ ಅವನನ್ನು ಹೆಚ್ಚು ನೋಯಿಸಿತು.

ಮರುದಿನ ಅವನ ಮನೆಯಲ್ಲಿ ವಾಲ್ವು ಕಿತ್ತು ನೋಡಿದೆ. ಎರಡೂ ಸವೆದು ಹೋಗಿದ್ದವು.

"ಹೊಸಾದು. ನಾಲ್ಕು ದಿನಾನೂ ಬಾರಿಸ್ಲಿಲ್ಲ ನಾನು" ಎಂದ ದುರ್ಗೇಶ.

"ಇದು ಸಾವಿರ ಗಂಟೆ ಉರಿದಿದೆ" ಎಂದೆ. ಹೇಳುತ್ತಿದ್ದ ಹಾಗೇ ಆಷಾಢದಲ್ಲಿ ಆಡಿದ ಮಾತು ನೆನಪಾಯಿತು.

ಹೇಮಾವತಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. "ನೀವು ಕೌಂಟರಿಗೆ ಹೋದ ಮೇಲೆ ದಿನಾ ಹಚ್ಚಿಡ್ತಿದ್ದೆ. ಸಂಜೆ ದೀಪ ಹಚ್ಚೋ ಹೊತ್ತಿಗೆ ಆರಿಸ್ತಿದ್ದೆ. ಗಿಟಾರಿನ ಸುದ್ದಿ ಎತ್ತಿದ್ರೆ ನಿಮಗೆ ಬೇಜಾರಾಗ್ತದೆ ಅಂತ ಹೇಳ್ಲಿಲ್ಲ. ಶೀತ ಹಿಡೀಬಾರ್ದು ಅಂತ."

ದುರ್ಗೇಶ ಹೆಂಡತಿಗೆ ಅಂಥ ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ. "ನಿನಗೆ ಯಾರು ಹೇಳಿದ್ರು? ತಲೇಲಿ ಎಂತ ಇದೆ ನಿಂಗೆ? ಮೂವತ್ತು ವರ್ಷದ್ದು ಸುಟ್ಟು ಹಾಕಿದ್ಯಲ್ಲ."

ಅವಳು ನನ್ನ ಕಡೆ ನೋಡಿದಳು. ದೂರಲಿಲ್ಲ, ಕಾದಳು ಅಷ್ಟೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಹಾಳಾದದ್ದು ಆಡದೆ. ಊರಿಗೆಲ್ಲ ಬುದ್ಧಿ ಹೇಳುವ ಈ ಮೆಕ್ಯಾನಿಕ್ ಶಿವಮೂರ್ತಿ ಸ್ಕ್ರೂ ಹುಡುಕುವವನ ಹಾಗೆ ನೆಲ ನೋಡುತ್ತಾ ಕೂತ. ಅವಳು ಒಳಗೆ ಹೋದಳು.

ನಾಲ್ಕು ತಿಂಗಳು ನಾನು ಆ ಬೀದಿಗೇ ಹೋಗಲಿಲ್ಲ. ಆಮೇಲೆ ಅಂಗಡಿಯ ಹಳೆಯ ಟೆಸ್ಟಿಂಗ್ ಮೀಟರು ಮಾರಿ, ಅದಕ್ಕೆ ಇನ್ನಷ್ಟು ಸೇರಿಸಿ, ಒಂದು ಜೋಡಿ ವಾಲ್ವು ತರಿಸಿದೆ. ಅಷ್ಟರಲ್ಲಿ ಬೆಲೆ ಹನ್ನೊಂದು ಸಾವಿರಕ್ಕೆ ಏರಿತ್ತು. ಶಿವರಾತ್ರಿ ಕಳೆದ ಭಾನುವಾರ ಹೋಗಿ ಹಾಕಿಕೊಟ್ಟೆ. ವಾಲ್ವು ಕೆಂಪಗಾಗುವುದನ್ನು ನೋಡುತ್ತಾ ದುರ್ಗೇಶ ನನ್ನ ಎರಡೂ ಕೈ ಹಿಡಿದುಕೊಂಡ. ಕಣ್ಣು ತುಂಬಿಕೊಂಡಿದ್ದ.

ಹೇಮಾವತಿ ಕಾಫಿ ತಂದಳು. ಅವನು ತಿರುಗಿ, "ಇನ್ನು ನೀನು ಇದರ ಹತ್ರ ಸುಳೀಬೇಡ" ಎಂದ. ತಮಾಷೆಯ ದನಿಯಲ್ಲೇ ಹೇಳಿದ, ಆದರೆ ತಮಾಷೆಯಾಗಿರಲಿಲ್ಲ.

ಆಗ ಹೇಳಿದೆ. "ದುರ್ಗೇಶ, ಅವ್ರದ್ದು ತಪ್ಪಿಲ್ಲ. ಆಷಾಢದಲ್ಲಿ ಅಂಗಡಿಗೆ ಬಂದು ಕೇಳಿದ್ರು. ಹಗಲು ಹಚ್ಚಿಡಿ ಅಂತ ಹೇಳಿದ್ದು ನಾನು."

ದುರ್ಗೇಶ ನಕ್ಕುಬಿಟ್ಟ. "ಸಾಕು ಸುಮ್ನಿರೋ. ವಾಲ್ವಿನ ಆಯುಷ್ಯ ನಿಂಗೆ ಗೊತ್ತಿಲ್ವಾ? ನೀನು ಹಂಗೆ ಹೇಳ್ತೀಯಾ? ಇವಳನ್ನ ಬಚಾವ್ ಮಾಡೂಕೆ ಸುಳ್ಳು ಬೇರೆ." ಹೆಂಡತಿಗೂ ಹೇಳಿದ, "ನೋಡು, ದುಡ್ಡೂ ಹಾಕಿ ತಪ್ಪೂ ತಲೆ ಮೇಲೆ ಹಾಕ್ಕೊಳ್ತಾನೆ. ಸ್ನೇಹಿತ ಅಂದ್ರೆ ಇಂಥವ್ನು."

"ಸತ್ಯವಾಗ್ಲೂ ನಾನೇ" ಎಂದೆ. ಅವನು ನನ್ನ ಬೆನ್ನು ತಟ್ಟಿ ಗಿಟಾರ್ ಎತ್ತಿಕೊಂಡ.

ಹೇಮಾವತಿ ಗೇಟಿನವರೆಗೂ ಬಂದಳು. ನಾನು ಚಪ್ಪಲಿ ಮೆಟ್ಟುತ್ತಾ ಕ್ಷಮೆ ಕೇಳುವ ಮಾತು ಹುಡುಕುತ್ತಿದ್ದೆ.

"ಆವತ್ತೇ ಹೇಳಿದ್ರೆ ನಂಬ್ತಿದ್ರು, ಶಿವಣ್ಣ" ಎಂದಳು.

ಒಳಗೆ ಪೆಟ್ಟಿಗೆ ಬಾಯಿ ಬಿಟ್ಟಿತು, ಅದೇ ಹಳೆಯ ಬೆಚ್ಚನೆಯ ಸ್ವರ. ಅವಳು ಜಗಲಿಯಲ್ಲಿದ್ದ ಹೂವಿನ ಬುಟ್ಟಿ ಎತ್ತಿಕೊಂಡಳು, ಒಳಗೆ ಹೋಗಲಿಲ್ಲ. ಅಂಗಳದ ಕಟ್ಟೆಯ ಮೇಲೆ ಕೂತು ಕಟ್ಟತೊಡಗಿದಳು.